ಎರಡು ಮಾರು ದೂರ: ಮೊದಲ ಬಾರಿಗೆ ಹಳೆಯ ಫಿಲ್ಮ್ ಕ್ಯಾಮೆರಾ ಕೊಳ್ಳುವವರಿಗೆ

ಕಳೆದ ದೀಪಾವಳಿ ಮುಗಿದ ವಾರ ಅಕ್ಕನ ಮಗಳು ಫೋನು ಮಾಡಿ, "ಚಿಕ್ಕಮ್ಮ, ನಂಗೊಂದು ಹಳೇ ಫಿಲ್ಮ್ ಕ್ಯಾಮೆರಾ ಬೇಕು. ಚಿಕ್ಕದಿರಬೇಕು, ಕಾಲೇಜಿನ ಚೀಲದಲ್ಲಿ ಹಿಡೀಬೇಕು. ಯಾವುದು ತಗೊಳ್ಳಲಿ?" ಎಂದು ಕೇಳಿದಳು. ಬಿ.ಎಸ್ಸಿ. ಎರಡನೆಯ ವರ್ಷದಲ್ಲಿ ಓದುತ್ತಿರುವ ಅವಳು ಹುಟ್ಟುವ ಹೊತ್ತಿಗೆ ನಮ್ಮ ಮನೆಗಳಲ್ಲಿ ರೀಲು ಹಾಕಿಸುವ ರೂಢಿ ಮುಗಿಯುತ್ತ ಬಂದಿತ್ತು. ಸ್ಟುಡಿಯೋದವರು ರೀಲು ತೊಳೆದು ಕೊಡುವವರೆಗೆ ನಾಲ್ಕು ದಿನ ಕಾಯುವುದು, ಹಳದಿ ಲಕೋಟೆಯಲ್ಲಿ ಪ್ರಿಂಟುಗಳ ಜೊತೆ ಬರುವ ನೆಗೆಟಿವ್ ಪಟ್ಟಿಗಳನ್ನು ಬಲ್ಬಿಗೆ ಹಿಡಿದು ನೋಡುವುದು, ಇವೆಲ್ಲ ಅವಳಿಗೆ ಕೇಳಿ ಗೊತ್ತಿರುವ ಸಂಗತಿಗಳೇ ಹೊರತು ಕಂಡವಲ್ಲ. ಆದ್ದರಿಂದ ಅವಳ ಪ್ರಶ್ನೆಗೆ ಒಂದು ಹೆಸರನ್ನು ಹೇಳಿ ಫೋನು ಇಡಲು ನನಗೆ ಮನಸ್ಸಾಗಲಿಲ್ಲ. ಆಗ ಅವಳಿಗೆ ಹೇಳಿದ್ದನ್ನೂ ನಂತರದ ತಿಂಗಳುಗಳಲ್ಲಿ ಅವಳ ಜೊತೆ ನಾನು ಮರಳಿ ಕಲಿತದ್ದನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ಅವಳ ಮನಸ್ಸಿನಲ್ಲಿ ಮೊದಲೇ ಎರಡು ಹೆಸರುಗಳಿದ್ದವು. ಒಂದು, ಟೈಟೇನಿಯಂ ಮೈಯ ಕಾಂಟ್ಯಾಕ್ಸ್ ಟಿ2. ಇನ್ನೊಂದು, 1997ರಲ್ಲಿ ಬಂದ ಒಲಿಂಪಸ್ ಮ್ಯೂ 2. ಎರಡೂ ಒಳ್ಳೆಯ ಕ್ಯಾಮೆರಾಗಳು, ಎರಡರ ಲೆನ್ಸೂ ಚೂಪಾದದ್ದು, ಎರಡೂ ತಾವೇ ಫೋಕಸ್ ಮಾಡಿಕೊಂಡು ತಾವೇ ಬೆಳಕು ಅಳೆದು ತಾವೇ ರೀಲು ಮುಂದಕ್ಕೆ ಸುತ್ತಿಕೊಳ್ಳುತ್ತವೆ. ಆದರೆ ಕಳೆದ ಹತ್ತು ವರ್ಷಗಳಲ್ಲಿ, ಹೆಸರಾಂತ ತಾರೆಯರ ಕೈಯಲ್ಲಿ ಕಾಣಿಸಿಕೊಂಡ ಮೇಲಂತೂ, ಇವುಗಳ ಬೆಲೆ ವಿದ್ಯಾರ್ಥಿಯೊಬ್ಬಳ ಅಳವನ್ನು ಮೀರಿ ಹೋಗಿದೆ. ಬೆಲೆಗಿಂತ ದೊಡ್ಡ ತೊಡಕು ಇನ್ನೊಂದಿದೆ. ಈ ಕಾಲದ ಕ್ಯಾಮೆರಾಗಳ ಒಳಗಿರುವುದು ತೆಳುವಾದ ಸರ್ಕ್ಯೂಟ್ ಹಾಳೆಗಳು ಮತ್ತು ಪುಟ್ಟ ಮೋಟಾರುಗಳು. ಅವು ಕೆಟ್ಟರೆ ಬದಲಿ ಬಿಡಿಭಾಗವನ್ನು ಯಾರೂ ತಯಾರಿಸುವುದಿಲ್ಲ. ಇನ್ನೊಂದು ಕೆಟ್ಟ ಕ್ಯಾಮೆರಾದಿಂದಲೇ ಕಿತ್ತು ತರಬೇಕು. ಇಪ್ಪತ್ತೈದು ಮೂವತ್ತು ವರ್ಷ ಹಳೆಯ ಎಲೆಕ್ಟ್ರಾನಿಕ್ ವಸ್ತುವಿಗೆ ಅಷ್ಟೊಂದು ಹಣ ಸುರಿಯುವುದು, ಅದೂ ಕಲಿಯುವ ಮೊದಲ ಹೆಜ್ಜೆಯಲ್ಲಿ, ನನಗೆ ಸರಿ ಕಾಣುವುದಿಲ್ಲ.

ಹಾಗಾದರೆ ನಮ್ಮಲ್ಲೇ ಮನೆಮನೆಯ ಬೀರುಗಳಲ್ಲಿ ಮಲಗಿರುವ ಯಾಶಿಕಾ ಎಂಎಫ್-2 ಸಾಲದೇ ಎಂದು ಅಕ್ಕ ಕೇಳಿದಳು. ತೊಂಬತ್ತರ ದಶಕದ ಕನ್ನಡ ಕುಟುಂಬಗಳ ಆಲ್ಬಮ್ಮುಗಳಲ್ಲಿರುವ ಹುಟ್ಟುಹಬ್ಬ, ಉಪನಯನ, ಬೇಲೂರು ಹಳೇಬೀಡು ಪ್ರವಾಸದ ಚಿತ್ರಗಳಲ್ಲಿ ಎಷ್ಟೋ ಈ ಕ್ಯಾಮೆರಾದ್ದೇ. ಎರಡು ಪೆನ್‌ಸೆಲ್ ಹಾಕಿದರೆ ಫ್ಲಾಶ್ ಹತ್ತುತ್ತದೆ, ಲೆನ್ಸಿನ ಫೋಕಸ್ ಒಂದೇ ಕಡೆ ಖಾಯಂ ಆಗಿ ನಿಂತಿದೆ, ಗುಂಡಿ ಒತ್ತಿದರೆ ಆಯಿತು. ಅದರ ಬಗ್ಗೆ ನನಗೆ ಪ್ರೀತಿಯಿದೆ. ಅಮ್ಮನ ಅರ್ಧ ಬದುಕನ್ನು ನಾನು ನೋಡಿರುವುದೇ ಅದರ ಕಣ್ಣಿನಿಂದ. ಆದರೂ ಕಲಿಯುವವರಿಗೆ ಅದನ್ನು ಕೊಡಲು ಹಿಂಜರಿಯುತ್ತೇನೆ. ಅದು ಛಾಯಾಗ್ರಾಹಕರಿಂದ ಏನನ್ನೂ ಕೇಳುವುದಿಲ್ಲ. ಏನನ್ನೂ ಕೇಳದ ಕ್ಯಾಮೆರಾ ಚಿತ್ರ ಕೆಟ್ಟಾಗ ಏಕೆ ಕೆಟ್ಟಿತೆಂದು ಹೇಳುವುದೂ ಇಲ್ಲ.

ನಾನು ಸೂಚಿಸಿದ್ದು ಒಲಿಂಪಸ್ ಟ್ರಿಪ್ 35. ಅರವತ್ತರ ದಶಕದ ಕೊನೆಯಲ್ಲಿ ಜಪಾನಿನಲ್ಲಿ ತಯಾರಾಗಲು ತೊಡಗಿದ ಈ ಕ್ಯಾಮೆರಾ ದೊಡ್ಡ ಬದಲಾವಣೆಯೇನೂ ಇಲ್ಲದೆ 1984ರವರೆಗೆ ಬಂತು. ಹೆಸರೇ ಹೇಳುವಂತೆ ಪ್ರವಾಸಕ್ಕೆ ಹೋಗುವ ಸಾಮಾನ್ಯ ಜನರಿಗಾಗಿ ಮಾಡಿದ ಕ್ಯಾಮೆರಾ ಇದು. ಎಪ್ಪತ್ತರ ದಶಕದಲ್ಲಿ ಬ್ರಿಟನ್ನಿನ ಜಾಹೀರಾತುಗಳಲ್ಲಿ ಅಲ್ಲಿನ ಪ್ರಸಿದ್ಧ ಛಾಯಾಗ್ರಾಹಕ ಡೇವಿಡ್ ಬೇಯ್ಲಿ ಇದರ ಮುಖವಾಗಿದ್ದರು. ಲಕ್ಷಲಕ್ಷ ಸಂಖ್ಯೆಯಲ್ಲಿ ಮಾರಾಟವಾದ ಕಾರಣ ಇಂದಿಗೂ ಇದು ಅಪರೂಪದ ವಸ್ತುವಲ್ಲ, ಮತ್ತು ಅಪರೂಪವಲ್ಲದಿರುವುದೇ ಹೊಸಬರಿಗೆ ಇದರ ದೊಡ್ಡ ಗುಣ: ಒಂದು ಕೆಟ್ಟದ್ದು ಸಿಕ್ಕರೆ ಬಿಟ್ಟು ಇನ್ನೊಂದನ್ನು ನೋಡಬಹುದು.

ಕೈಯಲ್ಲಿ ಹಿಡಿದರೆ ಸುಮಾರು ನಾನ್ನೂರು ಗ್ರಾಂ ತೂಗುವ ಲೋಹದ ಪೆಟ್ಟಿಗೆ. 40 ಮಿಲಿಮೀಟರಿನ ಎಫ್ 2.8 ಲೆನ್ಸಿನಲ್ಲಿ ನಾಲ್ಕು ಗಾಜುಗಳಿವೆ (ಎಫ್ ಎಂಬುದು ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿಯ ಅಳತೆ; ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು). ಲೆನ್ಸಿನ ಸುತ್ತಲೂ ಜೇನುಗೂಡಿನಂತೆ ಉಬ್ಬುಬ್ಬಾದ ಒಂದು ಪಾರದರ್ಶಕ ಬಳೆಯಿದೆ. ನೋಡಿದವರೆಲ್ಲ ಅದನ್ನು ಅಲಂಕಾರವೆಂದುಕೊಳ್ಳುತ್ತಾರೆ. ವಾಸ್ತವದಲ್ಲಿ ಕ್ಯಾಮೆರಾದ ಜೀವ ಇರುವುದೇ ಅಲ್ಲಿ. ಅದರ ಹಿಂದೆ ಸೆಲೆನಿಯಂ ಎಂಬ ಮೂಲವಸ್ತುವಿನ ಪದರವಿದೆ.

ಸೆಲೆನಿಯಂ ಕುರಿತು ಸ್ವಲ್ಪ ಹೇಳಲೇಬೇಕು. 1873ರಲ್ಲಿ ಸಮುದ್ರದಡಿಯ ತಂತಿಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದ ವಿಲ್ಲೋಬಿ ಸ್ಮಿತ್ ಎಂಬ ಇಂಗ್ಲಿಷ್ ಎಂಜಿನಿಯರ್, ತಾನು ಬಳಸುತ್ತಿದ್ದ ಸೆಲೆನಿಯಂ ಸರಳುಗಳು ಬೆಳಕಿನಲ್ಲಿ ಒಂದು ರೀತಿ, ಕತ್ತಲೆಯಲ್ಲಿ ಇನ್ನೊಂದು ರೀತಿ ವಿದ್ಯುತ್ತನ್ನು ಹರಿಯಗೊಡುವುದನ್ನು ಪ್ರಕಟಿಸಿದ. ಮೂರು ವರ್ಷಗಳ ನಂತರ ಆಡಮ್ಸ್ ಮತ್ತು ಡೇ ಎಂಬಿಬ್ಬರು, ಬೆಳಕು ಬಿದ್ದಾಗ ಸೆಲೆನಿಯಂ ತಾನೇ ವಿದ್ಯುತ್ತನ್ನು ಹುಟ್ಟಿಸುತ್ತದೆ ಎಂದು ತೋರಿಸಿದರು. ಟ್ರಿಪ್ 35 ನಡೆಯುವುದು ಇದೇ ಗುಣದ ಮೇಲೆ. ಬಳೆಯ ಮೇಲೆ ಬಿದ್ದ ಬೆಳಕು ಹುಟ್ಟಿಸುವ ಅತ್ಯಲ್ಪ ವಿದ್ಯುತ್ತು ಒಳಗಿನ ಒಂದು ಮುಳ್ಳನ್ನು ಕದಲಿಸುತ್ತದೆ. ನಾವು ಗುಂಡಿಯನ್ನು ಒತ್ತುತ್ತ ಹೋದಂತೆ ಲೋಹದ ಹಲ್ಲೊಂದು ಆ ಮುಳ್ಳನ್ನು ಇದ್ದಲ್ಲೇ ಹಿಡಿದು ನಿಲ್ಲಿಸುತ್ತದೆ, ಮತ್ತು ಮುಳ್ಳು ನಿಂತ ಜಾಗಕ್ಕೆ ತಕ್ಕಂತೆ ಲೆನ್ಸಿನ ಕಿಂಡಿ ಎಷ್ಟು ತೆರೆಯಬೇಕು, ಫಿಲ್ಮಿನ ಕಡೆಗೆ ಬೆಳಕು ಬಿಟ್ಟು ಮುಚ್ಚುವ ಬಾಗಿಲಾದ ಶಟರ್ ಸೆಕೆಂಡಿನ ನಲವತ್ತನೆಯ ಒಂದು ಭಾಗ ತೆರೆದಿರಬೇಕೋ ಇನ್ನೂರನೆಯ ಒಂದು ಭಾಗವೋ ಎಂಬುದು ತೀರ್ಮಾನವಾಗುತ್ತದೆ. ಬ್ಯಾಟರಿ ಹಾಕುವ ಜಾಗವೇ ಇಲ್ಲ. ಅದೇ ಕಾಲದ ಕ್ಯಾನನೆಟ್, ಯಾಶಿಕಾ ಎಲೆಕ್ಟ್ರೋ ಮುಂತಾದ ಒಳ್ಳೆಯ ಕ್ಯಾಮೆರಾಗಳು ಈಗ ತಯಾರಿಕೆ ನಿಂತುಹೋಗಿರುವ ಪಾದರಸದ ಬ್ಯಾಟರಿಗಳನ್ನು ಕೇಳುತ್ತವೆ. ಅವುಗಳಿಗೆ ಬದಲಿ ವ್ಯವಸ್ಥೆಗಳಿವೆ, ಆದರೆ ಆ ತಲೆನೋವು ಹೊಸಬರಿಗೆ ಬೇಡ.

ಬೆಳಕು ಸಾಲದಿದ್ದರೆ ಟ್ರಿಪ್ ಫೋಟೋ ತೆಗೆಯಗೊಡುವುದಿಲ್ಲ. ಗುಂಡಿ ಅರ್ಧಕ್ಕೆ ನಿಲ್ಲುತ್ತದೆ, ಕಣ್ಣಿಟ್ಟು ನೋಡುವ ವ್ಯೂಫೈಂಡರಿನ ಕೆಳಗಿನಿಂದ ಒಂದು ಕೆಂಪು ತುಂಡು ಮೇಲೇಳುತ್ತದೆ. ಇದಕ್ಕೆ ಕೆಂಪು ಬಾವುಟ ಎನ್ನುತ್ತಾರೆ. ನನ್ನ ಅಕ್ಕನ ಮಗಳು ಮೊದಲ ವಾರ ಈ ಬಾವುಟದ ಮೇಲೆ ಸಿಟ್ಟಾಗಿದ್ದಳು. ಆಮೇಲೆ ಒಂದು ದಿನ ಅಡುಗೆಮನೆಯಲ್ಲಿ ಅವಳ ಅಮ್ಮ ದೋಸೆ ಹೊಯ್ಯುವುದನ್ನು ತೆಗೆಯಲು ಹೋಗಿ, ಬಾವುಟ ಎದ್ದಾಗ, ಅಮ್ಮನನ್ನೇ ಕಿಟಕಿಯ ಕಡೆ ಎರಡು ಹೆಜ್ಜೆ ಸರಿಸಿದಳಂತೆ. ಬಾವುಟ ಏಳಲಿಲ್ಲ. ಎಲ್ಲಿ ಬೆಳಕಿದೆ, ಎಲ್ಲಿ ಇಲ್ಲ ಎಂಬುದನ್ನು ಫೋನಿನ ಕ್ಯಾಮೆರಾ ನಮ್ಮಿಂದ ಮರೆಮಾಚುತ್ತದೆ, ಕತ್ತಲೆಯಲ್ಲೂ ಏನೋ ಒಂದನ್ನು ಕಟ್ಟಿಕೊಡುತ್ತದೆ. ಟ್ರಿಪ್ ಆಗುವುದಿಲ್ಲ ಎನ್ನುತ್ತದೆ. ಆ ನಿರಾಕರಣೆಯನ್ನು ನಾನು ಈ ಕ್ಯಾಮೆರಾದ ದೋಷವೆಂದು ಎಂದೂ ತಿಳಿದಿಲ್ಲ.

ಇನ್ನು ಕೊಳ್ಳುವ ವಿಷಯ. ಏಳು ವರ್ಷಗಳ ಹಿಂದೆ ನಾನು ಮೊದಲ ಟ್ರಿಪ್ ಕೊಂಡಾಗ ಮೋಸ ಹೋದೆ. ಮಾರಿದವರು ನನ್ನ ಕಣ್ಣೆದುರೇ ನಾಲ್ಕು ಬಾರಿ ಕ್ಲಿಕ್ ಮಾಡಿ ತೋರಿಸಿದ್ದರು. ಸದ್ದು ಗರಿಗರಿಯಾಗಿತ್ತು, ಗಾಜು ಹೊಳೆಯುತ್ತಿತ್ತು. ಮನೆಗೆ ತಂದು ಲೆನ್ಸಿನ ಮೇಲಿನ ಅಂಕಿಗಳ ಬಳೆಯನ್ನು ತಿರುಗಿಸಿ, ಕ್ಯಾಮೆರಾ ತಾನೇ ಬೆಳಕು ಅಳೆಯುವ ಸ್ಥಾನವಾದ ಕೆಂಪು 'ಎ' ಅಕ್ಷರಕ್ಕೆ ತಂದ ಮೇಲೆ, ನಡುಮಧ್ಯಾಹ್ನದ ಬಿಸಿಲಿನಲ್ಲೂ ಬಾವುಟ ಏಳುತ್ತಿತ್ತು. ಸೆಲೆನಿಯಂ ಸತ್ತಿತ್ತು. 'ಎ' ಬಿಟ್ಟು 2.8ರಿಂದ 22ರವರೆಗಿನ ಯಾವುದೇ ಅಂಕಿಯ ಮೇಲೆ ಬಳೆಯನ್ನು ಇಟ್ಟರೆ, ಅದು ಫ್ಲಾಶಿಗಾಗಿ ಇರುವ ವ್ಯವಸ್ಥೆಯಾದ್ದರಿಂದ, ಬೆಳಕು ಇರಲಿ ಬಿಡಲಿ ಶಟರ್ ಬಡಿಯುತ್ತದೆ. ಅಂಗಡಿಯಲ್ಲಿ ನನಗೆ ತೋರಿಸಿದ್ದು ಅದನ್ನೇ. ಅವರಿಗೂ ಇದು ಗೊತ್ತಿತ್ತೋ ಇಲ್ಲವೋ ಹೇಳಲಾರೆ. ಗೊತ್ತಿರಬೇಕಾಗಿದ್ದುದು ನನಗೆ.

ಈ ಬಾರಿ ಅಕ್ಕನ ಮಗಳ ಜೊತೆ ಬೆಂಗಳೂರಿನ ಚಿಕ್ಕಪೇಟೆಯ ಸಂಡೇ ಬಜಾರಿಗೆ ಹೋದೆ. ಭಾನುವಾರ ಬೆಳಗ್ಗೆ ಅಂಗಡಿಗಳ ಬಾಗಿಲು ಮುಚ್ಚಿರುವಾಗ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಆಸುಪಾಸಿನಲ್ಲಿ ಹಾಸುವ ಪ್ಲಾಸ್ಟಿಕ್ ಹಾಳೆಗಳ ಮೇಲೆ ಹಳೆಯ ಗಡಿಯಾರ, ಸ್ಪ್ಯಾನರು, ರೇಡಿಯೋಗಳ ನಡುವೆ ಕ್ಯಾಮೆರಾಗಳೂ ಇರುತ್ತವೆ. ಅಂದು ನಮಗೆ ಅಲ್ಲಿ ಟ್ರಿಪ್ ಸಿಗಲಿಲ್ಲ, ಆದರೆ ಕೈಗೆ ಸಿಕ್ಕ ಹತ್ತಾರು ಕ್ಯಾಮೆರಾಗಳ ಹಿಂಬಾಗಿಲು ತೆರೆದು ನೋಡಿ ಅವಳ ಕಣ್ಣು ಪಳಗಿತು. ಯಾವುದೇ ಹಳೆಯ ಕ್ಯಾಮೆರಾವನ್ನು ಕೊಳ್ಳುವ ಮುನ್ನ ಹೀಗೆ ನಾಲ್ಕು ಕೆಟ್ಟವನ್ನು ನೋಡಿರುವುದು ಒಳ್ಳೆಯದು. ಬೂಷ್ಟು ಹಿಡಿದ ಗಾಜು ಹೇಗಿರುತ್ತದೆ ಎಂದು ಮಾತಿನಲ್ಲಿ ಹೇಳುವುದಕ್ಕಿಂತ, ಟಾರ್ಚಿನ ಬೆಳಕಿಗೆ ಹಿಡಿದಾಗ ಜೇಡರ ಬಲೆಯ ಎಳೆಗಳಂತೆ ಕವಲೊಡೆದ ಬೆಳ್ಳನೆಯ ಗೆರೆಗಳನ್ನು ಒಮ್ಮೆ ಕಂಡರೆ ಮತ್ತೆಂದೂ ಮರೆಯುವುದಿಲ್ಲ.

ಕೊನೆಗೆ ಪರಿಚಯಸ್ಥರೊಬ್ಬರ ಮೂಲಕ, ಅವರ ಮನೆಯಲ್ಲೇ ಇದ್ದ ಒಂದು ಟ್ರಿಪ್ ಸಿಕ್ಕಿತು. ಅದನ್ನು ಪರೀಕ್ಷಿಸಿದ ಕ್ರಮವನ್ನು ವಿವರವಾಗಿ ಬರೆಯುತ್ತೇನೆ, ಏಕೆಂದರೆ ಇದಕ್ಕೆ ಬೇಕಾಗುವುದು ಹತ್ತು ನಿಮಿಷ ಮತ್ತು ಒಂದು ಕಿಟಕಿ ಮಾತ್ರ, ರೀಲು ಕೂಡ ಬೇಡ. ಮೊದಲು ಬಳೆಯನ್ನು 'ಎ'ಗೆ ತಂದು, ಅಂಗೈಯಿಂದ ಲೆನ್ಸನ್ನೂ ಸುತ್ತಲಿನ ಜೇನುಗೂಡನ್ನೂ ಪೂರ್ತಿ ಮುಚ್ಚಿ ಗುಂಡಿ ಒತ್ತಿದೆವು. ಬಾವುಟ ಎದ್ದಿತು, ಶಟರ್ ಬಡಿಯಲಿಲ್ಲ. ಕೈ ತೆಗೆದು ಕಿಟಕಿಯ ಕಡೆ ತಿರುಗಿಸಿ ಒತ್ತಿದೆವು; ಬಡಿಯಿತು. ಇಷ್ಟಾದರೆ ಸೆಲೆನಿಯಂ ಬದುಕಿದೆ ಎಂದಾಯಿತು, ಆದರೆ ಎಷ್ಟು ಚುರುಕಾಗಿದೆ ಎಂಬುದು ಇನ್ನೂ ಗೊತ್ತಾಗಿಲ್ಲ. ಆದ್ದರಿಂದ ಹಿಂಬಾಗಿಲು ತೆರೆದು, ರೀಲಿನ ಜಾಗದಿಂದ ಲೆನ್ಸಿನ ಮೂಲಕ ಕಿಟಕಿಯನ್ನು ನೋಡುತ್ತ, ಫಿಲ್ಮಿನ ವೇಗವನ್ನು, ಅಂದರೆ ಅದು ಬೆಳಕಿಗೆ ಎಷ್ಟು ಚುರುಕಾಗಿ ಸ್ಪಂದಿಸುತ್ತದೆ ಎಂಬುದನ್ನು, ಸೂಚಿಸುವ ಅಂಕಿಯನ್ನು ಒಮ್ಮೆ 25ಕ್ಕೆ, ಒಮ್ಮೆ 400ಕ್ಕೆ ಇಟ್ಟು ಕ್ಲಿಕ್ ಮಾಡಿದೆವು. 25ರಲ್ಲಿ ಕಿಂಡಿ ದೊಡ್ಡದಾಗಿಯೂ 400ರಲ್ಲಿ ಚಿಕ್ಕದಾಗಿಯೂ ಮಿಂಚಿ ಮರೆಯಾಗಬೇಕು. ಎರಡರಲ್ಲೂ ಒಂದೇ ಗಾತ್ರ ಕಂಡರೆ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ತೆಳು ಎಲೆಗಳು ಎಣ್ಣೆಯ ಜಿಡ್ಡಿನಿಂದ ಅಂಟಿಕೊಂಡಿವೆ ಎಂದರ್ಥ. ಈ ಕ್ಯಾಮೆರಾದಲ್ಲಿ ಅತಿ ಸಾಮಾನ್ಯವಾದ ಕಾಯಿಲೆಯದು. ಬಲ್ಲವರ ಕೈಯಲ್ಲಿ ಗುಣವಾಗುತ್ತದೆ, ಆದರೆ ಆ ಖರ್ಚನ್ನು ಬೆಲೆಯಲ್ಲಿ ಕಳೆಯಬೇಕು.

ಹಿಂಬಾಗಿಲಿನ ಅಂಚಿನ ಕಪ್ಪು ಸ್ಪಂಜು ಕೈ ತಾಗಿದರೆ ಟಾರಿನಂತೆ ಅಂಟುತ್ತಿತ್ತು. ಐವತ್ತು ವರ್ಷದ ಕ್ಯಾಮೆರಾದಲ್ಲಿ ಅದು ಹಾಗಿರದಿದ್ದರೇ ಆಶ್ಚರ್ಯ. ಹಾಗೆಯೇ ಬಿಟ್ಟರೆ ಸಂದಿಯಿಂದ ಬೆಳಕು ನುಗ್ಗಿ ಚಿತ್ರದ ಅಂಚಿನಲ್ಲಿ ಕಿತ್ತಳೆ ಬಣ್ಣದ ಪಟ್ಟೆ ಬೀಳುತ್ತದೆ. ಹಲ್ಲುಕಡ್ಡಿಯಿಂದ ಹಳೆಯದನ್ನು ಕೆರೆದು ತೆಗೆದು, ಕೀಲಿನ ಬಳಿ ತೆಳುವಾದ ಕಪ್ಪು ಫೋಮಿನ ಪಟ್ಟಿಯನ್ನೂ ಉಳಿದ ಸಂದಿಗಳಲ್ಲಿ ಕಪ್ಪು ಉಣ್ಣೆಯ ನೂಲನ್ನೂ ಕೂರಿಸಿದರೆ ಮುಗಿಯಿತು. ಅವಳೇ ಒಂದು ಸಂಜೆ ಕೂತು ಮಾಡಿದಳು. ಇನ್ನೊಂದು ಮಾತು: ಬಣ್ಣಬಣ್ಣದ ಹೊಸ ಚರ್ಮ ಅಂಟಿಸಿ ಥಳಥಳ ಹೊಳೆಯುವ ಟ್ರಿಪ್‌ಗಳು ಜಾಲತಾಣಗಳಲ್ಲಿ ಹೆಚ್ಚಿನ ಬೆಲೆಗೆ ಬರುತ್ತವೆ. ಹೊರಗಿನ ಚರ್ಮ ಹೊಸದಾದ ಮಾತ್ರಕ್ಕೆ ಒಳಗಿನ ಎಲೆಗಳನ್ನು ಯಾರಾದರೂ ಶುಚಿ ಮಾಡಿದ್ದಾರೆಂದು ನಂಬಬೇಕಿಲ್ಲ. ಮುಂದಿನ ಗಾಜನ್ನು ಬಿಚ್ಚಿ ಮರಳಿ ಕೂರಿಸುವಾಗ ಎಳೆಯಷ್ಟು ತಪ್ಪಿದರೂ ದೂರದ ಬೆಟ್ಟ ಮಸುಕಾಗುತ್ತದೆ, ಆದ್ದರಿಂದ ರಿಪೇರಿಯಾದ ಕ್ಯಾಮೆರಾ ಎಂದರೆ ಮೊದಲ ರೋಲಿನಲ್ಲಿ ದೂರದ ದೃಶ್ಯವೊಂದನ್ನು ತೆಗೆದು ನೋಡಿಕೊಳ್ಳುವುದು ಕ್ಷೇಮ.

ಕ್ಯಾಮೆರಾ ಕೈಗೆ ಬಂದ ದಿನ ಅವಳು ವ್ಯೂಫೈಂಡರಿನಲ್ಲಿ ಕಣ್ಣಿಟ್ಟು ಬಹಳ ಹೊತ್ತು ನೋಡಿ, "ಚಿಕ್ಕಮ್ಮ, ಇದರಲ್ಲಿ ಫೋಕಸ್ ಆಗಿದೆ ಅಂತ ಗೊತ್ತಾಗೋದು ಹೇಗೆ?" ಎಂದು ಕೇಳಿದಳು.

ಗೊತ್ತಾಗುವುದಿಲ್ಲ. ವ್ಯೂಫೈಂಡರ್ ಎಂಬುದು ಲೆನ್ಸಿನ ಮೇಲಿರುವ ಒಂದು ಕಿಟಕಿ ಮಾತ್ರ. ಅದರಲ್ಲಿ ಎಲ್ಲವೂ ಯಾವಾಗಲೂ ಸ್ಪಷ್ಟವಾಗಿಯೇ ಕಾಣುತ್ತದೆ. ಲೆನ್ಸಿನ ಮುಂಬಳೆಯ ಮೇಲೆ ನಾಲ್ಕು ಪುಟ್ಟ ಚಿತ್ರಗಳಿವೆ. ಒಬ್ಬರ ತಲೆ, ಇಬ್ಬರು, ಗುಂಪು, ಬೆಟ್ಟ. ಅದೇ ಬಳೆಯ ಅಡಿಯಲ್ಲಿ ಅವುಗಳ ಅರ್ಥ ಅಂಕಿಗಳಲ್ಲಿದೆ: ಒಂದು ಮೀಟರು, ಒಂದೂವರೆ ಮೀಟರು, ಮೂರು ಮೀಟರು, ಅನಂತ. ಎದುರಿಗಿರುವವರು ಎಷ್ಟು ದೂರದಲ್ಲಿದ್ದಾರೆ ಎಂದು ನಾವು ಊಹಿಸಿ ಬಳೆಯನ್ನು ತಿರುಗಿಸಬೇಕು. ಬೆಳಕನ್ನು ಕ್ಯಾಮೆರಾ ನೋಡಿಕೊಳ್ಳುತ್ತದೆ, ದೂರವನ್ನು ಮಾತ್ರ ನಮಗೆ ಬಿಟ್ಟಿದೆ. ಈ ಕ್ಯಾಮೆರಾವನ್ನೇ ನಾನು ಅವಳಿಗೆ ಸೂಚಿಸಿದ್ದರ ಮುಖ್ಯ ಕಾರಣ ಇದು. ಕಲಿಯುವವರ ಮೇಲೆ ಕಿಂಡಿ, ಶಟರ್, ಫೋಕಸ್, ಫಿಲ್ಮಿನ ವೇಗ ಎಲ್ಲವನ್ನೂ ಒಟ್ಟಿಗೆ ಹೇರಿದರೆ ಯಾವುದೂ ಮೈಗೆ ಹತ್ತುವುದಿಲ್ಲ. ಒಂದನ್ನೇ ಕೊಟ್ಟು ಅದರಲ್ಲಿ ತಪ್ಪಲು ಬಿಟ್ಟರೆ ಅದೊಂದು ಜೀವಮಾನವಿಡೀ ಉಳಿಯುತ್ತದೆ.

ಆದರೆ ಮೀಟರು ಎಂಬುದು ಅವಳಿಗೆ ಪ್ರಯೋಗಾಲಯದ ಅಳತೆ. ಮೈಗೆ ಗೊತ್ತಿರುವ ಅಳತೆಯಲ್ಲ. ಗೋಡೆಯಿಂದ ಮೂರು ಮೀಟರು ದೂರ ನಿಲ್ಲು ಎಂದರೆ ಒಮ್ಮೆ ಎರಡರಲ್ಲಿ, ಒಮ್ಮೆ ನಾಲ್ಕರಲ್ಲಿ ನಿಲ್ಲುತ್ತಿದ್ದಳು. ಆಗ ನನಗೆ ಗಾಂಧಿ ಬಜಾರಿನ ಹೂವಿನವರು ನೆನಪಾದರು. ಮೊಣಕೈಯಿಂದ ಬೆರಳ ತುದಿಯವರೆಗೆ ಒಂದು ಮೊಳ. ಎರಡೂ ಕೈ ಚಾಚಿದರೆ ಒಂದು ಮಾರು. ನಮ್ಮ ಹಿರಿಯರು ಬಾವಿಯ ಹಗ್ಗ, ಸೀರೆ, ಹೊಲದ ಬದು ಎಲ್ಲವನ್ನೂ ಅಳೆದದ್ದು ಈ ದೇಹದಿಂದಲೇ. ಟೇಪು ತಂದು ಅವಳ ಕೈಗಳನ್ನು ಅಳೆದೆವು. ಅವಳ ಮೊಳ ನಲವತ್ತೈದು ಸೆಂಟಿಮೀಟರಿನ ಹತ್ತಿರ, ಮಾರು ನೂರ ಐವತ್ತಾರು. ಅಂದರೆ ಒಬ್ಬರ ತಲೆಯ ಚಿತ್ರಕ್ಕೆ ಎರಡು ಮೊಳ ನಾಲ್ಕು ಬೆರಳು, ಇಬ್ಬರ ಚಿತ್ರಕ್ಕೆ ಒಂದು ಮಾರು, ಗುಂಪಿನ ಚಿತ್ರಕ್ಕೆ ಎರಡು ಮಾರು. ಅದಕ್ಕಿಂತ ಬಹಳ ಆಚೆಗಿನದೆಲ್ಲ ಬೆಟ್ಟ. ಟ್ರಿಪ್‌ನ ಬಳೆಯನ್ನು ಅವಳ ಕೈಗಳಿಗಾಗಿಯೇ ಕೆತ್ತಿದಂತಿತ್ತು.

ಒಂದು ವಾರ ಅವಳು ರೀಲು ಹಾಕಲಿಲ್ಲ. ಮನೆಯ ತುಂಬ ಓಡಾಡಿ, ಫ್ರಿಜ್ಜಿಗೆ ಎಷ್ಟು ಮಾರು, ತುಳಸಿಕಟ್ಟೆಗೆ ಎಷ್ಟು, ಬಸ್ಸಿನಲ್ಲಿ ಎದುರು ಸೀಟಿನವರ ಬೆನ್ನಿಗೆ ಎಷ್ಟು ಮೊಳ ಎಂದು ಮೊದಲು ಊಹಿಸಿ ಆಮೇಲೆ ಅಳೆಯುವುದೇ ಅವಳ ಅಭ್ಯಾಸವಾಯಿತು. ನಾಲ್ಕನೆಯ ದಿನದ ಹೊತ್ತಿಗೆ ಊಹೆ ಮತ್ತು ಅಳತೆಯ ನಡುವಿನ ಅಂತರ ಒಂದು ಗೇಣಿನೊಳಗೆ ಬಂತು.

ಒಂದು ಗೇಣು ತಪ್ಪಿದರೆ ಏನಾಗುತ್ತದೆ? ಇದು ಬೆಳಕನ್ನು ಅವಲಂಬಿಸಿದೆ, ಮತ್ತು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡುವುದು ಹೊಸಬರಿಗೆ ಬಹಳ ಉಪಯುಕ್ತ. ಬೆಳಕು ಮಂದವಾಗಿ ಕಿಂಡಿ 2.8ಕ್ಕೆ ಪೂರ್ತಿ ತೆರೆದುಕೊಂಡಿದ್ದಾಗ, ಒಂದು ಮೀಟರಿಗೆ ಫೋಕಸ್ ಇಟ್ಟರೆ ಚಿತ್ರದಲ್ಲಿ ಸ್ಪಷ್ಟವಾಗಿ ಮೂಡುವ ಆಳ ಹೆಚ್ಚುಕಡಿಮೆ ಹತ್ತು ಸೆಂಟಿಮೀಟರು, ಅರ್ಧ ಗೇಣೂ ಇಲ್ಲ. ಅದೇ ಕಿಂಡಿಯಲ್ಲಿ ಮೂರು ಮೀಟರಿಗೆ ಇಟ್ಟರೆ ಎರಡು ಮೊಳದಷ್ಟು ಆಳ ಸಿಗುತ್ತದೆ. ಕಿಂಡಿ 8ಕ್ಕೆ ಇಳಿದಾಗ ಮೂರು ಮೀಟರಿನ ಸ್ಥಾನ ಸುಮಾರು ಎರಡು ಮೀಟರಿನಿಂದ ಐದೂಕಾಲು ಮೀಟರಿನವರೆಗೆ ಎಲ್ಲವನ್ನೂ ಹಿಡಿಯುತ್ತದೆ. 200ರ ಫಿಲ್ಮು ಹಾಕಿ ಸುಡುಬಿಸಿಲಿಗೆ ಹೋದರೆ ಕಿಂಡಿ 16ರ ಆಸುಪಾಸಿಗೆ ಬರುತ್ತದೆ. ಆಗ ಒಂದು ಮಾರಿನಿಂದ ಹಿಡಿದು ಇಪ್ಪತ್ತು ಮೀಟರಿನಾಚೆಗಿನ ಮರದವರೆಗೆ ಸ್ಪಷ್ಟ. ಆದ್ದರಿಂದಲೇ ಬಿಸಿಲಿನಲ್ಲಿ ಬಳೆಯನ್ನು ಗುಂಪಿನ ಚಿತ್ರಕ್ಕಿಟ್ಟು ಮರೆತುಬಿಡಬಹುದು. ಸಂಜೆಯ ಜಗುಲಿಯಲ್ಲಿ, ಮುಖವೊಂದು ಹತ್ತಿರದಲ್ಲಿರುವಾಗ ಮಾತ್ರ ಮೊಳ ಹಾಕಲೇಬೇಕು. ವ್ಯೂಫೈಂಡರಿನ ಕೆಳಗಿನ ಸಣ್ಣ ಕಿಟಕಿಯಲ್ಲಿ ಲೆನ್ಸಿನ ಮೇಲಿನ ಚಿತ್ರವೂ ಅಂಕಿಯೂ ಇಣುಕುತ್ತವೆ. ಕ್ಲಿಕ್ ಮಾಡುವ ಮೊದಲು ಕಣ್ಣನ್ನು ಅತ್ತ ಒಮ್ಮೆ ಇಳಿಸುವುದನ್ನು ಅವಳಿಗೆ ಮತ್ತೆ ಮತ್ತೆ ಹೇಳಬೇಕಾಯಿತು.

ರೀಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಳಕು ಅಳೆಯುವಾಗ ಟ್ರಿಪ್ 25ರಿಂದ 400ರವರೆಗಿನ ವೇಗದ ಫಿಲ್ಮಿಗೆ ಮಾತ್ರ ಲೆಕ್ಕ ಹಾಕಬಲ್ಲುದು. ಹೊರಾಂಗಣಕ್ಕೆ ಕೊಡಕ್ ಗೋಲ್ಡ್ 200, ಕಪ್ಪುಬಿಳುಪು ಬೇಕಾದರೆ ಇಲ್ಫೋರ್ಡ್ ಎಚ್‌ಪಿ5, ಇವೆರಡೇ ಸಾಕು. ಎಚ್‌ಪಿ5 ವೇಗ 400. ಅದನ್ನು ನೆತ್ತಿಯ ಬಿಸಿಲಿನಲ್ಲಿ ಬಳಸಿದರೆ ಟ್ರಿಪ್ ತನ್ನ ಕೊನೆಯ ಮಿತಿಗೆ, ಅಂದರೆ ಸೆಕೆಂಡಿನ ಇನ್ನೂರನೆಯ ಒಂದು ಭಾಗ ಮತ್ತು 22ರ ಕಿಂಡಿಗೆ ಬಂದು ನಿಲ್ಲುತ್ತದೆ, ಮೋಡದ ದಿನಗಳಿಗೇ ಅದು ಹೆಚ್ಚು ಸೂಕ್ತ. ರೀಲು, ತೊಳೆಸುವುದು, ಸ್ಕ್ಯಾನ್ ಮಾಡಿಸುವುದು ಎಲ್ಲ ಸೇರಿ ಈಗ ನಮಗೆ ಒಂದು ಚಿತ್ರಕ್ಕೆ ನಲವತ್ತರಿಂದ ಐವತ್ತು ರೂಪಾಯಿ ಬೀಳುತ್ತಿದೆ. ಇದು ಸಣ್ಣ ಮೊತ್ತವಲ್ಲ. ಊಟಿಯಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಸರಕಾರಿ ಕಾರ್ಖಾನೆ ಇತ್ತು. 1960ರಲ್ಲಿ ಸ್ಥಾಪನೆಯಾಗಿ 1967ರಲ್ಲಿ ಉತ್ಪಾದನೆ ಆರಂಭಿಸಿದ ಅದು 'ಇಂದು' ಎಂಬ ಹೆಸರಿನಲ್ಲಿ ಕಪ್ಪುಬಿಳುಪು ಫಿಲ್ಮನ್ನು ದೇಶದ ತುಂಬ ಮಾರುತ್ತಿತ್ತು. ಮೈಸೂರಿನಿಂದ ನಾಲ್ಕು ತಾಸಿನ ಹಾದಿಯಲ್ಲಿ ಫಿಲ್ಮು ತಯಾರಾಗುತ್ತಿತ್ತು ಎಂದರೆ ಅಕ್ಕನ ಮಗಳಿಗೆ ನಂಬಲಾಗಲಿಲ್ಲ. ಆ ಕಾರ್ಖಾನೆ ಮುಚ್ಚಿಹೋದದ್ದು ನನಗೆ ಈಗಲೂ ನೋವಿನ ಸಂಗತಿ. ಇಂದು ನಾವು ಹಾಕುವ ಪ್ರತಿ ರೀಲೂ ಹೊರದೇಶದ್ದು.

ಮೊದಲ ರೀಲು ಪೂರ್ತಿ ಖಾಲಿ ಬಂತು. ಮೂವತ್ತಾರು ಬಾರಿ ಕ್ಲಿಕ್ ಮಾಡಿದ್ದಳು, ಒಂದು ಚಿತ್ರವೂ ಇರಲಿಲ್ಲ. ಫಿಲ್ಮಿನ ನಾಲಗೆ ಸುರುಳಿಯ ಸೀಳಿನಿಂದ ಜಾರಿ, ಹಲ್ಲುಗಳಿಗೆ ಕಚ್ಚಿಕೊಳ್ಳದೆ, ಡಬ್ಬಿಯೊಳಗೇ ಕುಳಿತಿತ್ತು. ಕ್ಯಾಮೆರಾದ ಲೆಕ್ಕದ ಅಂಕಿ ಮಾತ್ರ ತನ್ನಷ್ಟಕ್ಕೆ ಮುಂದೆ ಹೋಗಿತ್ತು. ಲ್ಯಾಬಿನವರು ಬೋಳು ಫಿಲ್ಮನ್ನು ಕೈಗಿತ್ತಾಗ ಅವಳು ಏನೂ ಮಾತಾಡಲಿಲ್ಲ; ಆಟೋದಲ್ಲಿ ಕೂತ ಮೇಲೆ ಕಣ್ಣು ಒರೆಸಿಕೊಂಡಳು. ತಪ್ಪು ನನ್ನದು. ರೀಲು ಹಾಕಿ ಹಿಂಬಾಗಿಲು ಮುಚ್ಚಿದ ಮೇಲೆ, ಮೇಲಿನ ಸುತ್ತುಹಿಡಿಯನ್ನು ಬಾಣದ ದಿಕ್ಕಿನಲ್ಲಿ ಮೆಲ್ಲಗೆ ತಿರುಗಿಸಿ ಸಡಿಲವನ್ನು ಬಿಗಿ ಮಾಡಿಕೊಳ್ಳಬೇಕು. ನಂತರ ಹೆಬ್ಬೆರಳಿನಿಂದ ಫಿಲ್ಮು ಮುಂದೆ ಸುತ್ತುವಾಗಲೆಲ್ಲ ಆ ಹಿಡಿ ತಾನಾಗಿ ಹಿಂದಕ್ಕೆ ತಿರುಗುತ್ತದೆಯೇ ಎಂದು ನೋಡಬೇಕು. ತಿರುಗಿದರೆ ಫಿಲ್ಮು ಓಡುತ್ತಿದೆ, ಇಲ್ಲವಾದರೆ ಇಲ್ಲ. ಇದನ್ನು ನಾನು ಮೊದಲ ದಿನವೇ ಹೇಳಬೇಕಿತ್ತು. ಇಷ್ಟು ವರ್ಷಗಳಲ್ಲಿ ನನ್ನ ಕಣ್ಣು ಅತ್ತ ತಾನಾಗಿಯೇ ಹೋಗುತ್ತಿದ್ದುದರಿಂದ, ಅದು ಹೇಳಿಕೊಡಬೇಕಾದ ವಿಷಯವೆಂಬುದೇ ನನಗೆ ಹೊಳೆದಿರಲಿಲ್ಲ.

ಎರಡನೆಯ ರೀಲನ್ನು ನಾನೇ ಕೊಡಿಸಿದೆ. ಸಂಕ್ರಾಂತಿಗೆ ಸಾಗರದ ಬಳಿಯ ನಮ್ಮ ಅಮ್ಮನ ಮನೆಗೆ ಹೋದಾಗ ಅದು ಅವಳ ಕ್ಯಾಮೆರಾದಲ್ಲಿತ್ತು. ಸಂಜೆ ನಾಲ್ಕೂವರೆಯ ಬೆಳಕು ಅಡಿಕೆಮರಗಳ ನಡುವಿನಿಂದ ಓರೆಯಾಗಿ ಜಗುಲಿಗೆ ಬೀಳುತ್ತಿತ್ತು. ಅಮ್ಮ, ಅಂದರೆ ಅವಳ ಅಜ್ಜಿ, ಕಂಬಕ್ಕೆ ಒರಗಿ ಕೂತು ಅವರೆಕಾಳು ಸುಲಿಯುತ್ತಿದ್ದಳು. ಹುಡುಗಿ ಅಂಗಳದಲ್ಲಿ ನಿಂತು ಒಮ್ಮೆ ನೋಡಿದಳು, ಬಳಿಕ ಕ್ಯಾಮೆರಾವನ್ನು ಕೊರಳಿಗೆ ತೂಗುಬಿಟ್ಟು, ಜಗುಲಿಯ ಅಂಚಿನಿಂದ ಎರಡೂ ಕೈ ಚಾಚಿ ಒಂದು ಮಾರು, ಅಲ್ಲಿಂದ ಇನ್ನೊಂದು ಮಾರು ಅಳೆದುಕೊಂಡಳು.

"ಏನೇ ಅದು, ಅಂಗಳಕ್ಕೆ ಹೂವು ಅಳೀತಿದ್ದೀಯಾ?" ಎಂದಳು ಅಮ್ಮ.

"ನೀನು ಅಲ್ಲಾಡಬೇಡ ಅಜ್ಜಿ, ಅಲ್ಲೇ ಇರು," ಎಂದು ಇವಳು ಒಂದು ಹೆಜ್ಜೆ ಮುಂದೆ ಬಂದಳು, ಏಕೆಂದರೆ ಅಮ್ಮ ಕೂತಿದ್ದುದು ಅಂಚಿನಿಂದ ಒಂದು ಮೊಳ ಒಳಗೆ. ಬಳೆಯನ್ನು ಗುಂಪಿನ ಚಿತ್ರಕ್ಕೆ ತಿರುಗಿಸಿ, ಕಣ್ಣನ್ನು ಕೆಳಗಿನ ಸಣ್ಣ ಕಿಟಕಿಗೆ ಒಮ್ಮೆ ಇಳಿಸಿ, ಉಸಿರು ಹಿಡಿದು ಒತ್ತಿದಳು. ಬಾವುಟ ಏಳಲಿಲ್ಲ. ಫಿಲ್ಮು ಮುಂದಕ್ಕೆ ಸುತ್ತುವಾಗ ಅವಳು ಮೇಲಿನ ಹಿಡಿ ತಿರುಗುವುದನ್ನೇ ನೋಡುತ್ತಿದ್ದಳು.

ಆ ಚಿತ್ರದಲ್ಲಿ ಅಮ್ಮನ ಬೆರಳುಗಳ ಸುಕ್ಕು, ಮೊರದ ಬಿದಿರಿನ ಎಳೆ, ಕಂಬದ ಮೇಲೆ ಮಕ್ಕಳ ಎತ್ತರ ಗುರುತಿಸಿದ ಹಳೆಯ ಗೆರೆಗಳು ಎಲ್ಲವೂ ಚೂಪಾಗಿ ಬಂದಿವೆ. ಒಳಮನೆಯ ಬಾಗಿಲು ಮೆತ್ತಗೆ ಮಸುಕಾಗಿದೆ. ಆ ರೀಲಿನ ಮೂವತ್ತಾರರಲ್ಲಿ ಹದಿನಾಲ್ಕು ಫೋಕಸ್ ತಪ್ಪಿದವು, ಹೆಚ್ಚಿನವು ಹತ್ತಿರದಿಂದ ತೆಗೆದವು. ಅವಳು ಪ್ರತಿಯೊಂದರ ಹಿಂದೆಯೂ ಪೆನ್ಸಿಲಿನಲ್ಲಿ ಊಹಿಸಿದ ದೂರವನ್ನೂ ನಿಜವಾಗಿ ಇದ್ದಿರಬಹುದಾದ ದೂರವನ್ನೂ ಬರೆದಿಟ್ಟಿದ್ದಾಳೆ.

ಈಗ ಮಳೆಗಾಲ ಹತ್ತಿರವಾಗುತ್ತಿದೆ. ಮಲೆನಾಡಿಗೆ ಒಯ್ಯುವುದಾದರೆ ಬಿಗಿಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನಿಟ್ಟು ಒಯ್ಯಬೇಕು, ಚರ್ಮದ ಚೀಲದಲ್ಲಿ ತಿಂಗಳುಗಟ್ಟಲೆ ಮುಚ್ಚಿಡಬಾರದು, ಬಿಸಿಲು ಕಂಡ ದಿನ ಹೊರತೆಗೆದು ಗಾಳಿಯಾಡಲು ಬಿಡಬೇಕು ಎಂದು ಹೇಳಿದ್ದೇನೆ. ಬೂಷ್ಟು ಒಮ್ಮೆ ಗಾಜನ್ನು ತಿಂದರೆ ಮರಳಿ ಸರಿಹೋಗುವುದಿಲ್ಲ. ಮೂರನೆಯ ರೀಲು ಅರ್ಧ ಮುಗಿದಿದೆ. ನಿನ್ನೆ ಫೋನಿನಲ್ಲಿ, ಕಾಲೇಜಿನ ಗೆಳತಿಯ ಮಾರು ತನ್ನದಕ್ಕಿಂತ ಎಂಟು ಬೆರಳು ಉದ್ದವಿದೆಯೆಂದೂ, ಅವಳಿಗೂ ಒಂದು ಟ್ರಿಪ್ ಹುಡುಕಬೇಕೆಂದೂ ಹೇಳಿದಳು. ಭಾನುವಾರ ಮೂವರೂ ಚಿಕ್ಕಪೇಟೆಗೆ ಹೋಗುವುದಿದೆ.